ಪ್ರೀಮಿಯಂ ಪೆಟ್ರೋಲ್ ಮತ್ತು ನೂರು ಸಿಸಿಯ ಬೈಕು

ಸುರಪುರ, ಲಿಂಗಸುಗೂರು, ಮಸ್ಕಿ, ಸಿಂಧನೂರುಗಳನ್ನು ಪೋಣಿಸಿಕೊಂಡು ಬಳ್ಳಾರಿಯ ಕಡೆಗೆ ಸಾಗುವ 150ಎ ರಾಷ್ಟ್ರೀಯ ಹೆದ್ದಾರಿಯ ಆಸುಪಾಸಿನ ಊರುಗಳಲ್ಲಿ ಪೆಟ್ರೋಲಿಗಾಗಿ ಬಂಕಿಗೆ ಬರುವ ವಾಹನಗಳ ಪೈಕಿ ಮುಖ್ಯವಾದುವು ನೂರರಿಂದ ನೂರಿಪ್ಪತ್ತೈದು ಸಿಸಿ ಸಾಮರ್ಥ್ಯದ ಬೈಕುಗಳು. ಹೊಲಕ್ಕೆ ಗೊಬ್ಬರದ ಚೀಲ, ಡೇರಿಗೆ ಹಾಲಿನ ಕ್ಯಾನು, ಶಾಲೆಗೆ ಮಕ್ಕಳು, ಆಸ್ಪತ್ರೆಗೆ ಹಿರಿಯರು ಹೀಗೆ ಸಂಸಾರದ ಸಕಲ ಭಾರವನ್ನೂ ಹೊರುವ ಈ ಬೈಕುಗಳ ಖರ್ಚಿನಲ್ಲಿ ಇಂಧನದ್ದೇ ಸಿಂಹಪಾಲಾಗಿರುವುದರಿಂದ, ಬಂಕಿನಲ್ಲಿ ಲೀಟರಿಗೆ ಏಳೆಂಟು ರೂಪಾಯಿ ಹೆಚ್ಚು ತೆತ್ತು ಕೊಳ್ಳುವ ಪ್ರೀಮಿಯಂ ಪೆಟ್ರೋಲ್ ನಿಜಕ್ಕೂ ಏನನ್ನು ಕೊಡುತ್ತದೆ ಎಂಬ ಪ್ರಶ್ನೆ ಗಂಭೀರವಾದದ್ದು. ಇಂಡಿಯನ್ ಆಯಿಲ್ ಇದನ್ನು ಎಕ್ಸ್‌ಪಿ95 ಎಂಬ ಹೆಸರಿನಲ್ಲಿ, ಭಾರತ್ ಪೆಟ್ರೋಲಿಯಂ ಸ್ಪೀಡ್ ಎಂಬ ಹೆಸರಿನಲ್ಲಿ, ಹಿಂದೂಸ್ತಾನ್ ಪೆಟ್ರೋಲಿಯಂ ಪವರ್ ಎಂಬ ಹೆಸರಿನಲ್ಲಿ ಮಾರುತ್ತವೆ. ಹೆಸರುಗಳೆಲ್ಲ ವೇಗವನ್ನೂ ಶಕ್ತಿಯನ್ನೂ ಸೂಚಿಸುವುದರಿಂದ, ಹೆಚ್ಚು ಹಣ ಕೊಟ್ಟರೆ ಹೆಚ್ಚು ಪಿಕಪ್, ಹೆಚ್ಚು ಮೈಲೇಜ್ ಸಿಗುತ್ತದೆಂಬ ನಂಬಿಕೆ ಗ್ರಾಹಕರಲ್ಲಿ ಸಹಜವಾಗಿಯೇ ಬೇರೂರಿದೆ. ಈ ನಂಬಿಕೆಗೆ, ಕನಿಷ್ಠ ಮೇಲೆ ಹೇಳಿದ ಬಗೆಯ ಬೈಕುಗಳ ಮಟ್ಟಿಗೆ, ಆಧಾರವಿಲ್ಲ.

ಪಂಪಿನ ಮೇಲೆ ಬರೆದಿರುವ 91, 95, 100 ಎಂಬ ಅಂಕಿಗಳು ಪೆಟ್ರೋಲಿನ ಆಕ್ಟೇನ್ ಸಂಖ್ಯೆಯನ್ನು ಹೇಳುತ್ತವೆ. ಪೆಟ್ರೋಲ್ ಎಂಜಿನ್ನಿನ ಸಿಲಿಂಡರಿನೊಳಗೆ ಗಾಳಿ ಮತ್ತು ಇಂಧನದ ಮಿಶ್ರಣವನ್ನು ಪಿಸ್ಟನ್ ಒತ್ತಿ ಕಿರಿದಾಗಿಸುತ್ತದೆ. ಆ ಒತ್ತಡ ತುದಿ ಮುಟ್ಟುವ ಹೊತ್ತಿಗೆ ಸ್ಪಾರ್ಕ್ ಪ್ಲಗ್ ಕಿಡಿ ಕೊಟ್ಟು, ಬೆಂಕಿ ಒಂದು ಬದಿಯಿಂದ ಇನ್ನೊಂದು ಬದಿಗೆ ಕ್ರಮವಾಗಿ ಹರಡಬೇಕು. ಆದರೆ ಒತ್ತಡವೂ ಉಷ್ಣವೂ ಮಿತಿಮೀರಿದಾಗ, ಜ್ವಾಲೆ ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಲೋಹದ ಮೇಲೆ ಲೋಹ ಬಡಿದಂತೆ ಕೇಳಿಸುವ ಆ ಸದ್ದಿಗೆ ಮೆಕ್ಯಾನಿಕರು ನಾಕಿಂಗ್ ಎನ್ನುತ್ತಾರೆ. ಅದು ಬಹುಕಾಲ ಮುಂದುವರಿದರೆ ಪಿಸ್ಟನ್ನಿಗೆ ಹಾನಿ. ಈ ಅಕಾಲಿಕ ಉರಿಯನ್ನು ಒಂದು ಇಂಧನ ಎಷ್ಟರಮಟ್ಟಿಗೆ ತಡೆದುಕೊಳ್ಳುತ್ತದೆ ಎಂಬುದರ ಅಳತೆಯೇ ಆಕ್ಟೇನ್ ಸಂಖ್ಯೆ. 1920ರ ದಶಕದಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ಗ್ರಹಾಂ ಎಡ್ಗರ್ ರೂಪಿಸಿದ ಈ ಮಾಪಕದಲ್ಲಿ, ನಾಕಿಂಗನ್ನು ಚೆನ್ನಾಗಿ ತಡೆಯುವ ಐಸೋಆಕ್ಟೇನ್ ಎಂಬ ದ್ರವಕ್ಕೆ 100, ಬಹುಬೇಗ ನಾಕ್ ಆಗುವ ಹೆಪ್ಟೇನ್ ಎಂಬ ದ್ರವಕ್ಕೆ 0 ಎಂದು ನಿಗದಿಪಡಿಸಲಾಗಿದ್ದು, 95 ಎಂದರೆ ಆ ಪೆಟ್ರೋಲ್ 95 ಪಾಲು ಐಸೋಆಕ್ಟೇನ್ ಮತ್ತು 5 ಪಾಲು ಹೆಪ್ಟೇನ್ ಬೆರೆಸಿದ ದ್ರವದಷ್ಟೇ ನಾಕಿಂಗನ್ನು ತಡೆಯಬಲ್ಲದು ಎಂದರ್ಥ. ಅದರಲ್ಲಿ ಎಷ್ಟು ಶಕ್ತಿ ಅಡಗಿದೆ ಎಂಬುದನ್ನು ಈ ಅಂಕಿ ಹೇಳುವುದೇ ಇಲ್ಲ.

ಆಕ್ಟೇನ್ ಏರಿಸುವ ಆತುರಕ್ಕೆ ಲೋಕ ತೆತ್ತ ಬೆಲೆಯನ್ನು ಇಲ್ಲಿ ನೆನೆಯಬೇಕು. 1921ರಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಯ ಪ್ರಯೋಗಾಲಯದಲ್ಲಿ ಥಾಮಸ್ ಮಿಡ್ಗ್ಲಿ ಸೀಸದ ಒಂದು ಸಂಯುಕ್ತ ನಾಕಿಂಗನ್ನು ಅಗ್ಗವಾಗಿ ತಡೆಯುತ್ತದೆಂದು ಕಂಡುಹಿಡಿದ ಮೇಲೆ, ಆ ವಿಷ ದಶಕಗಳ ಕಾಲ ನಗರಗಳ ಗಾಳಿಯಲ್ಲಿಯೂ ಮಕ್ಕಳ ರಕ್ತದಲ್ಲಿಯೂ ಸೇರುತ್ತಲೇ ಹೋಯಿತು. ಭಾರತ 2000ದಲ್ಲಿ ಸೀಸದ ಪೆಟ್ರೋಲನ್ನು ನಿಲ್ಲಿಸಿತು. ಜಗತ್ತಿನ ಕೊನೆಯ ದೇಶವಾಗಿ ಅಲ್ಜೀರಿಯಾ ಅದನ್ನು ಕೈಬಿಟ್ಟದ್ದು 2021ರಲ್ಲಿ.

ಒಂದು ಎಂಜಿನ್ನಿಗೆ ಎಷ್ಟು ಆಕ್ಟೇನ್ ಬೇಕೆಂಬುದು ಮುಖ್ಯವಾಗಿ ಅದು ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ ಎಂಬುದನ್ನು, ಅಂದರೆ ಕಂಪ್ರೆಷನ್ ಅನುಪಾತವನ್ನು ಅವಲಂಬಿಸಿದೆ. ಹೀರೊ ಸ್ಪ್ಲೆಂಡರ್‌ನಂತಹ ನೂರು ಸಿಸಿಯ ಬೈಕುಗಳಲ್ಲಿ ಈ ಅನುಪಾತ ಹತ್ತರ ಆಸುಪಾಸಿನಲ್ಲಿದ್ದು, ಭಾರವಾಗಿ ಕಾಣುವ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರಲ್ಲಿ 9.5 ಮಾತ್ರ ಇದ್ದರೆ, ಕೆಟಿಎಂ 390 ಡ್ಯೂಕ್‌ನಂತಹ ವೇಗದ ಬೈಕಿನಲ್ಲಿ ಹನ್ನೆರಡನ್ನೂ ದಾಟುತ್ತದೆ. ಮೊದಲ ಎರಡು ಬಗೆಯ ಎಂಜಿನ್ನುಗಳನ್ನು ತಯಾರಕರು ದೇಶದ ಸಾಮಾನ್ಯ ಪೆಟ್ರೋಲನ್ನೇ ಲೆಕ್ಕಕ್ಕಿಟ್ಟುಕೊಂಡು ವಿನ್ಯಾಸಗೊಳಿಸಿರುವುದರಿಂದ, 91 ಸಾಕಾಗುವ ಕಡೆ 95 ಹಾಕಿದರೆ ಉಳಿದ ನಾಲ್ಕು ಅಂಕಗಳು ಕೆಲಸಕ್ಕೆ ಬಾರದೆ ಹೋಗುತ್ತವೆ. ನಾಕಿಂಗಿನ ಸುಳಿವು ಸಿಕ್ಕಾಗ ಕಿಡಿಯ ಸಮಯವನ್ನು ತಾನೇ ಹಿಂದೆ ಮುಂದೆ ಮಾಡಿಕೊಳ್ಳುವ ಸೆನ್ಸರ್ ಇರುವ ಕಾರುಗಳು ಹೆಚ್ಚಿನ ಆಕ್ಟೇನಿನ ಲಾಭವನ್ನು ಒಂದಿಷ್ಟು ಪಡೆಯಬಲ್ಲವು; ಅಗ್ಗದ ಬೈಕುಗಳಲ್ಲಿ ಅಂಥ ಏರ್ಪಾಡು ಸಾಮಾನ್ಯವಾಗಿ ಇರುವುದಿಲ್ಲ.

ಆಕ್ಟೇನಿಗೂ ಮೈಲೇಜಿಗೂ ನೇರ ಸಂಬಂಧವಿಲ್ಲವೆಂಬುದಕ್ಕೆ ಕಳೆದ ಕೆಲವು ವರ್ಷಗಳಲ್ಲಿ ಇಡೀ ದೇಶದ ಟ್ಯಾಂಕುಗಳಲ್ಲೇ ಒಂದು ಪುರಾವೆ ಸಿಕ್ಕಿದೆ. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ನಡೆದ ಇಂಡಿಯಾ ಎನರ್ಜಿ ವೀಕ್ ಸಮಾವೇಶದಲ್ಲಿ ಪ್ರಧಾನಿ ನರೇಂದ್ರ ಮೋದಿ ಅವರು ಶೇ 20ರಷ್ಟು ಎಥನಾಲ್ ಬೆರೆಸಿದ ಇ20 ಪೆಟ್ರೋಲನ್ನು ಬಿಡುಗಡೆ ಮಾಡಿದರು; 2025ರ ಹೊತ್ತಿಗೆ ಅದೇ ಸಾಮಾನ್ಯ ಪೆಟ್ರೋಲಾಗಿ ಬಂಕುಗಳನ್ನು ತುಂಬಿತು. ಕಬ್ಬಿನ ಕಾಕಂಬಿ, ಕಬ್ಬಿನ ಹಾಲು, ಮೆಕ್ಕೆಜೋಳ, ನುಚ್ಚಕ್ಕಿಗಳಿಂದ ತಯಾರಾಗುವ ಎಥನಾಲಿನ ಆಕ್ಟೇನ್ ಸಂಖ್ಯೆ ಸುಮಾರು 108 ಇರುವುದರಿಂದ, ಅದು ಬೆರೆತ ಸಾಮಾನ್ಯ ಪೆಟ್ರೋಲಿನ ಆಕ್ಟೇನ್ 91ರಿಂದ 95ಕ್ಕೆ ಏರಿದೆಯೆಂದು ಕೇಂದ್ರ ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟ್‌ನಲ್ಲಿ ಹೇಳಿಕೆ ನೀಡಿತು. ಆದರೆ ಒಂದು ಲೀಟರ್ ಎಥನಾಲಿನಲ್ಲಿ ಇರುವ ಶಕ್ತಿ ಒಂದು ಲೀಟರ್ ಪೆಟ್ರೋಲಿನ ಶಕ್ತಿಗಿಂತ ಸುಮಾರು ಮೂರನೆಯ ಒಂದು ಭಾಗದಷ್ಟು ಕಡಿಮೆ. ಆದ್ದರಿಂದ ಇ20ರ ಬಳಕೆಯಿಂದ ಹಳೆಯ ವಿನ್ಯಾಸದ ದ್ವಿಚಕ್ರ ವಾಹನಗಳ ಮೈಲೇಜ್ ಶೇ 3ರಿಂದ 4ರಷ್ಟು ಕುಗ್ಗಬಹುದೆಂದು ನೀತಿ ಆಯೋಗದ 2021ರ ವರದಿ ಮೊದಲೇ ಅಂದಾಜು ಮಾಡಿತ್ತು. ಆಕ್ಟೇನ್ ಮೇಲಕ್ಕೆ ಹೋದಾಗಲೇ ಮೈಲೇಜ್ ಕೆಳಕ್ಕಿಳಿದಿದೆ ಎಂಬ ಈ ಸಂಗತಿಯನ್ನು ಯಾವ ಜಾಹೀರಾತೂ ಗ್ರಾಹಕನಿಗೆ ತಿಳಿಸುವುದಿಲ್ಲ. ಇದರಿಂದ ಹೊರಡುವ ಇನ್ನೊಂದು ಮಾತೆಂದರೆ, ಸಾಮಾನ್ಯ ಇ20 ಪೆಟ್ರೋಲೇ 95 ಅಂಕ ಮುಟ್ಟಿರುವಾಗ, 95 ಎಂಬ ಅಂಕಿಯನ್ನೇ ಮುಂದಿಟ್ಟು ಮಾರುವ ಪ್ರೀಮಿಯಂ ಪೆಟ್ರೋಲಿಗೆ ಆಕ್ಟೇನಿನ ಕಾರಣಕ್ಕಾಗಿ ಹೆಚ್ಚು ಹಣ ಕೊಡುವುದರ ಸಮರ್ಥನೆ ಬಹುಮಟ್ಟಿಗೆ ಕುಸಿಯುತ್ತದೆ. ಪ್ರೀಮಿಯಂ ಎಂದಾಕ್ಷಣ ಅದರಲ್ಲಿ ಎಥನಾಲ್ ಇಲ್ಲವೆಂದು ಭಾವಿಸುವುದೂ ಸರಿಯಲ್ಲ. ಪಂಪಿನ ಮೇಲಿನ ಗುರುತನ್ನು ನೋಡಿ, ಸಂದೇಹವಿದ್ದರೆ ಕೇಳಿ ತಿಳಿದುಕೊಳ್ಳಬೇಕು.

ಲೆಕ್ಕಕ್ಕೆ ಬಂದರೆ ಚಿತ್ರ ಇನ್ನೂ ಸ್ಪಷ್ಟವಾಗುತ್ತದೆ. 2024ರ ಜೂನ್‌ನಲ್ಲಿ ಕರ್ನಾಟಕ ಸರ್ಕಾರ ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ ಶೇ 29.84ಕ್ಕೆ ಏರಿಸಿದಾಗ ಬೆಂಗಳೂರಿನಲ್ಲಿ ಸಾಮಾನ್ಯ ಪೆಟ್ರೋಲಿನ ಬೆಲೆ ಲೀಟರಿಗೆ ₹102.84 ಆಯಿತು. ಸಾಮಾನ್ಯ ಪೆಟ್ರೋಲ್ ₹103, ಪ್ರೀಮಿಯಂ ₹110 ಎಂದು ಇಟ್ಟುಕೊಂಡರೆ, ಲೀಟರಿಗೆ 60 ಕಿಲೋಮೀಟರ್ ಓಡುವ ಬೈಕು ಪ್ರೀಮಿಯಂ ಹಾಕಿದಾಗ 64 ಕಿಲೋಮೀಟರ್ ಓಡಿದರೆ ಮಾತ್ರ ಹೆಚ್ಚುವರಿ ಹಣ ಹಿಂದಿರುಗುತ್ತದೆ. ತೆರಿಗೆ ಬೆಲೆಯ ಮೇಲೆ ಶೇಕಡಾವಾರು ಬೀಳುವುದರಿಂದ, ಆ ಏಳು ರೂಪಾಯಿಯಲ್ಲಿಯೂ ಒಂದೂವರೆ ರೂಪಾಯಿಯಷ್ಟು ಎಂಜಿನ್ನನ್ನು ಮುಟ್ಟದೆ ಖಜಾನೆಗೆ ಹೋಗುತ್ತದೆ. ತಿಂಗಳಿಗೆ ಹದಿನೈದು ಲೀಟರ್ ಸುಡುವ ಕುಟುಂಬಕ್ಕೆ ಇದು ನೂರು ರೂಪಾಯಿಯ ಹೊರೆ, ವರ್ಷಕ್ಕೆ ಸಾವಿರದ ಇನ್ನೂರರ ಮೇಲೆ. ಅಮೆರಿಕದ ವಾಹನ ಮಾಲೀಕರ ಸಂಘವಾದ ಎಎಎ 2016ರಲ್ಲಿ ಪ್ರಯೋಗ ನಡೆಸಿ, ಸಾಮಾನ್ಯ ಪೆಟ್ರೋಲಿಗೆಂದೇ ತಯಾರಾದ ಕಾರುಗಳಿಗೆ ಪ್ರೀಮಿಯಂ ಹಾಕುವುದರಿಂದ ಶಕ್ತಿಯಲ್ಲಾಗಲಿ ಮೈಲೇಜಿನಲ್ಲಾಗಲಿ ಗಮನಾರ್ಹ ಲಾಭವಿಲ್ಲವೆಂದು ಕಂಡುಕೊಂಡು, ಆ ದೇಶದ ಚಾಲಕರು ವರ್ಷವೊಂದರಲ್ಲಿ ಹೀಗೆ 210 ಕೋಟಿ ಡಾಲರ್ ವ್ಯರ್ಥ ಮಾಡಿದ್ದಾರೆಂದು ಲೆಕ್ಕ ಹಾಕಿತು. ಪ್ರೀಮಿಯಂ ಬಳಸಿದರೆ ಒಳ್ಳೆಯದೆಂದು ತಯಾರಕರೇ ಸೂಚಿಸಿದ ಕಾರುಗಳಲ್ಲಿ ಸಹ ಮರುವರ್ಷದ ಪರೀಕ್ಷೆಯಲ್ಲಿ ಕಂಡ ಸರಾಸರಿ ಉಳಿತಾಯ ಶೇ 2.7 ಮಾತ್ರ.

ಪ್ರೀಮಿಯಂ ಪೆಟ್ರೋಲಿನ ಪರವಾಗಿ ಹೇಳಬಹುದಾದ ನ್ಯಾಯವಾದ ಮಾತೊಂದಿದೆ. ಅದರಲ್ಲಿ ಬೆರೆಸುವ ಮಾರ್ಜಕ ರಾಸಾಯನಿಕಗಳು ಇಂಜೆಕ್ಟರಿನ ಸಣ್ಣ ರಂಧ್ರಗಳಲ್ಲಿಯೂ ವಾಲ್ವುಗಳ ಮೇಲೂ ಕಟ್ಟುವ ಕೊಳೆಯನ್ನು ಕರಗಿಸುತ್ತವೆ. 2020ರ ಏಪ್ರಿಲ್‌ನಲ್ಲಿ ಬಿಎಸ್6 ನಿಯಮ ಜಾರಿಗೆ ಬಂದ ಮೇಲೆ ಸಾಧಾರಣ ಬೈಕುಗಳಲ್ಲೂ ಕಾರ್ಬುರೇಟರಿನ ಬದಲು ಇಂಜೆಕ್ಟರ್ ಬಂದಿರುವುದರಿಂದ ಈ ಗುಣಕ್ಕೆ ಬೆಲೆಯಿದೆ. ಆದರೂ ಅದೇ ನಿಯಮದಡಿ ಪೆಟ್ರೋಲಿನಲ್ಲಿನ ಗಂಧಕದ ಪ್ರಮಾಣ ಹತ್ತು ಲಕ್ಷಕ್ಕೆ 50 ಭಾಗದಿಂದ 10 ಭಾಗಕ್ಕೆ ಇಳಿದು ಸಾಮಾನ್ಯ ಪೆಟ್ರೋಲೂ ಮೊದಲಿಗಿಂತ ಶುದ್ಧವಾಗಿರುವಾಗ, ಪ್ರತಿ ಬಾರಿಯೂ ದುಬಾರಿ ಇಂಧನ ತುಂಬಿಸುವುದಕ್ಕಿಂತ ಕಾಲಕಾಲಕ್ಕೆ ಏರ್ ಫಿಲ್ಟರ್ ಬದಲಿಸುವುದು, ಎಂಜಿನ್ ಆಯಿಲ್ ನೋಡಿಕೊಳ್ಳುವುದು, ಟೈರಿನ ಗಾಳಿ ಸರಿಯಾಗಿಡುವುದು ಹೆಚ್ಚು ಫಲ ಕೊಡುತ್ತವೆ; ಕಪ್ಪು ಮಣ್ಣಿನ ದೂಳು ಬೇಸಿಗೆಯುದ್ದಕ್ಕೂ ಹಾರುವ ಈ ಸೀಮೆಯಲ್ಲಿ ಏರ್ ಫಿಲ್ಟರಿನ ಮಾತನ್ನು ಒತ್ತಿ ಹೇಳಲೇಬೇಕು.

ಇಂಧನದ ಮೇಲೆ ಹೆಚ್ಚು ಹಣ ಹೋಗುವ ಇನ್ನೊಂದು ದಾರಿ ಹಳ್ಳಿಗಳ ಕಿರಾಣಿ ಅಂಗಡಿಗಳ ಬಾಟಲಿ ಪೆಟ್ರೋಲ್. ಬಂಕು ದೂರವಿರುವ ಊರುಗಳಲ್ಲಿ ಇದು ಅನಿವಾರ್ಯವೆನಿಸಿದರೂ, ಬಂಕಿನ ದರಕ್ಕಿಂತ ಹೆಚ್ಚು ಕೊಟ್ಟು ಕೊಳ್ಳುವ ಆ ಪೆಟ್ರೋಲಿಗೆ ಅಳತೆಯ ಭರವಸೆಯಿಲ್ಲ, ಶುದ್ಧತೆಯ ಭರವಸೆಯಿಲ್ಲ, ಬೆಂಕಿಯ ಅಪಾಯವಂತೂ ಕಟ್ಟಿಟ್ಟದ್ದು. ಬಂಕಿನಲ್ಲಾದರೆ ಸಂದೇಹ ಬಂದ ಗ್ರಾಹಕ ಫಿಲ್ಟರ್ ಕಾಗದದ ಪರೀಕ್ಷೆಯನ್ನು ಕೇಳಬಹುದು. ಕಾಗದದ ಮೇಲೆ ಬಿದ್ದ ಹನಿ ಕಲೆ ಉಳಿಸದೆ ಆರಬೇಕು. ಮುದ್ರೆಯೊತ್ತಿದ ಐದು ಲೀಟರಿನ ಅಳತೆಪಾತ್ರೆಯಲ್ಲಿ ಪ್ರಮಾಣವನ್ನು ತೋರಿಸೆಂದು ಕೇಳಬಹುದು. ಸಾಂದ್ರತೆಯ ದಾಖಲೆಯನ್ನೂ ನೋಡಬಹುದು: ಟ್ಯಾಂಕರಿನಿಂದ ಇಳಿಸಿಕೊಂಡಾಗ ನಮೂದಾದ ಸಾಂದ್ರತೆಗೂ ಪರೀಕ್ಷಿಸಿದಾಗಿನ ಸಾಂದ್ರತೆಗೂ ಘನಮೀಟರಿಗೆ 3 ಕಿಲೋಗ್ರಾಂಗಿಂತ ಹೆಚ್ಚಿನ ಅಂತರ ಇರಬಾರದು. ಈ ಹಕ್ಕುಗಳಿಗೆ ಲೀಟರಿಗೆ ಒಂದು ಪೈಸೆಯೂ ಹೆಚ್ಚು ತೆರಬೇಕಿಲ್ಲ.

ಹಾಗಾದರೆ ಪ್ರೀಮಿಯಂ ಯಾರಿಗೆ ಬೇಕು? ವಾಹನದ ಕೈಪಿಡಿಯಲ್ಲಾಗಲಿ ಟ್ಯಾಂಕಿನ ಮುಚ್ಚಳದ ಬಳಿಯಾಗಲಿ 95ಕ್ಕಿಂತ ಹೆಚ್ಚಿನ ಆಕ್ಟೇನ್ ಬೇಕೆಂದು ಬರೆದಿದ್ದರೆ ಅಲ್ಲಿ ಚೌಕಾಸಿಗೆ ಎಡೆಯಿಲ್ಲ. ಟರ್ಬೊ ಅಳವಡಿಸಿದ ಕೆಲವು ಕಾರುಗಳು ಮತ್ತು ಹೆಚ್ಚಿನ ಕಂಪ್ರೆಷನ್ನಿನ ಬೈಕುಗಳು ಈ ಗುಂಪಿಗೆ ಸೇರುತ್ತವೆ. ರಾಯಚೂರು ಜಿಲ್ಲೆಯ ಬೇಸಿಗೆಯಲ್ಲಿ ಉಷ್ಣತೆ ನಲವತ್ತು ಡಿಗ್ರಿ ದಾಟಿದಾಗ, ಎರಡು ಚೀಲ ಹೇರಿಕೊಂಡು ಗೇರ್ ಇಳಿಸದೆ ಏರು ಹತ್ತುವ ಹಳೆಯ ಬೈಕು ನಾಕ್ ಆಗುವುದುಂಟು, ಏಕೆಂದರೆ ಬಿಸಿ ಗಾಳಿ, ಭಾರ, ಸಿಲಿಂಡರಿನೊಳಗೆ ಕಟ್ಟಿದ ಕಾರ್ಬನ್ ಈ ಮೂರೂ ಅಕಾಲಿಕ ಉರಿಗೆ ದಾರಿ ಮಾಡುತ್ತವೆ. ಅಂಥ ಸಂದರ್ಭದಲ್ಲಿ ಒಂದು ಟ್ಯಾಂಕ್ ಹೆಚ್ಚು ಆಕ್ಟೇನಿನ ಪೆಟ್ರೋಲ್ ಹಾಕಿ ನೋಡುವುದು ತಪ್ಪಲ್ಲ. ಸದ್ದು ನಿಂತರೆ ದೋಷ ನಾಕಿಂಗಿನದೇ ಎಂದು ಖಚಿತವಾಗುತ್ತದೆ. ಆಗ ಗಾಡಿಯನ್ನು ಗ್ಯಾರೇಜಿಗೆ ಒಯ್ದು ಕಾರ್ಬನ್ ತೆಗೆಸಿ, ಪ್ಲಗ್ ಮತ್ತು ಟೈಮಿಂಗ್ ಸರಿಪಡಿಸಿದ ಮೇಲೆ ಮತ್ತೆ ಸಾಮಾನ್ಯ ಪೆಟ್ರೋಲಿಗೇ ಮರಳಬಹುದು.