ಸೈಬರ್ ಭದ್ರತೆಯ ಕಲಿಕೆ: ಹೊಸಬರು ಹಿಡಿಯಬೇಕಾದ ದಾರಿ ಯಾವುದು?

ಬಿ.ಕಾಂ. ಅಥವಾ ಡಿಪ್ಲೊಮಾ ಮುಗಿಸಿದ ಮಗನೋ ಮಗಳೋ ಸೈಬರ್ ಭದ್ರತೆಯನ್ನು ಕಲಿಯಬೇಕೆಂಬ ಇಚ್ಛೆ ವ್ಯಕ್ತಪಡಿಸಿದಾಗ, ಅದು ಎಂತಹ ವೃತ್ತಿ, ಅದರ ತರಬೇತಿಗೆ ಎಷ್ಟು ಹಣ ತೊಡಗಿಸುವುದು ಉಚಿತ ಎಂಬ ಪ್ರಶ್ನೆಗಳು ವ್ಯಾಪಾರಸ್ಥರ ಮನೆಗಳಲ್ಲಿ ಸಹಜವಾಗಿಯೇ ಉದ್ಭವಿಸುತ್ತವೆ. ತರಬೇತಿ ಕೇಂದ್ರಗಳ ಜಾಹೀರಾತುಗಳು ಬಹುಮಟ್ಟಿಗೆ 'ಎಥಿಕಲ್ ಹ್ಯಾಕರ್' ಎಂಬ ಒಂದೇ ಚಿತ್ರವನ್ನು ಮುಂದಿಡುತ್ತವೆ. ವಾಸ್ತವದಲ್ಲಿ ಇದು ಒಂದು ಉದ್ಯೋಗವಲ್ಲ, ಹಲವು ಉದ್ಯೋಗಗಳ ಸಮೂಹ. ಜವಳಿ ಉದ್ಯಮದಲ್ಲಿ ನೂಲುವವರು, ನೇಯುವವರು, ಬಣ್ಣ ಕಟ್ಟುವವರು, ಮಾರುವವರು ಬೇರೆಬೇರೆಯಾಗಿರುವಂತೆ ಇಲ್ಲಿಯೂ ಕೆಲಸಗಳು ಪ್ರತ್ಯೇಕವಾಗಿವೆ. ಯಾವುದು ತನಗೆ ಒಗ್ಗುತ್ತದೆ ಎಂಬುದನ್ನು ಅರಿಯದೆ ದುಬಾರಿ ಶುಲ್ಕ ತೆತ್ತವರು ನಿರಾಶರಾಗುವ ಸಂಭವವೇ ಹೆಚ್ಚು.

ಈ ಕೆಲಸಗಳ ಸ್ವರೂಪವನ್ನು ತಿಳಿಯಲು ಒಂದು ನೈಜ ಪ್ರಕರಣವನ್ನು ಪರಿಶೀಲಿಸುವುದು ಉಪಯುಕ್ತ. ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕು 1906ರಲ್ಲಿ ಸ್ಥಾಪನೆಯಾದ ಹಳೆಯ ಸಂಸ್ಥೆ. 2018ರ ಆಗಸ್ಟ್ 11ರ ಶನಿವಾರ, ಕೆಲವೇ ತಾಸುಗಳ ಅವಧಿಯಲ್ಲಿ, ನಕಲಿ ಕಾರ್ಡುಗಳನ್ನು ಬಳಸಿ 28 ದೇಶಗಳ ಎಟಿಎಂಗಳಿಂದ ಈ ಬ್ಯಾಂಕಿನ ಹಣವನ್ನು ಪಡೆಯಲಾಯಿತು. ಆಗಸ್ಟ್ 13ರಂದು ಅಂತರರಾಷ್ಟ್ರೀಯ ಹಣ ವರ್ಗಾವಣೆಯ ಸ್ವಿಫ್ಟ್ ಜಾಲದ ಮೂಲಕ ಸುಮಾರು 14 ಕೋಟಿ ರೂಪಾಯಿ ಹಾಂಗ್‌ಕಾಂಗಿನ ಖಾತೆಯೊಂದಕ್ಕೆ ಹೋಯಿತು. ಒಟ್ಟು ನಷ್ಟ ಸುಮಾರು 94 ಕೋಟಿ ರೂಪಾಯಿ.

ಇದು ನಡೆದ ಬಗೆಯನ್ನು ಗಮನಿಸಬೇಕು. ಗ್ರಾಹಕನು ಎಟಿಎಂನಲ್ಲಿ ಕಾರ್ಡು ಹಾಕಿದಾಗ, ಆ ಕೋರಿಕೆಯು 'ಸ್ವಿಚ್' ಎಂಬ ವ್ಯವಸ್ಥೆಯ ಮೂಲಕ ಬ್ಯಾಂಕಿನ ಮುಖ್ಯ ಲೆಕ್ಕದ ಗಣಕಯಂತ್ರಕ್ಕೆ ಹೋಗಿ, ಖಾತೆಯಲ್ಲಿ ಹಣವಿದೆಯೇ ಎಂದು ವಿಚಾರಿಸುತ್ತದೆ. ದುಷ್ಕರ್ಮಿಗಳು ಬ್ಯಾಂಕಿನ ಜಾಲದೊಳಗೆ ನುಸುಳಿ, ನಿಜವಾದ ಸ್ವಿಚ್ಚಿನ ಪಕ್ಕದಲ್ಲಿ ನಕಲಿ ಸ್ವಿಚ್ಚೊಂದನ್ನು ನಿಲ್ಲಿಸಿದ್ದರು. ಬಂದ ಕೋರಿಕೆಗಳಿಗೆಲ್ಲ ಅದೇ ಒಪ್ಪಿಗೆ ಕೊಡುತ್ತಿತ್ತು. ಮುಖ್ಯ ಲೆಕ್ಕಕ್ಕೆ ಸುದ್ದಿಯೇ ಮುಟ್ಟುತ್ತಿರಲಿಲ್ಲ. ಮಾಲೀಕರನ್ನು ಕೇಳದೆ ಗುಮಾಸ್ತನೇ ಉದ್ರಿ ಕೊಡುತ್ತಾ ಹೋದಂತೆ ಎನ್ನಬಹುದು.

ಇಂತಹ ಸಂದರ್ಭದಲ್ಲಿ ಯಾರು ಯಾರು ಬೇಕಾಗುತ್ತಾರೆ? ಶನಿವಾರ ಅಪರಾಹ್ನ ಏಕಾಏಕಿ ಹತ್ತಾರು ದೇಶಗಳಿಂದ ಕೋರಿಕೆಗಳು ಬರುತ್ತಿರುವುದನ್ನು ಪರದೆಯ ಮೇಲೆ ಕಂಡು ಎಚ್ಚರಿಸುವವರು ಭದ್ರತಾ ಕಾರ್ಯಾಚರಣೆ ಕೇಂದ್ರದ ವಿಶ್ಲೇಷಕರು. ಹೊಸಬರಿಗೆ ಮೊದಲ ನೌಕರಿ ಹೆಚ್ಚಾಗಿ ಸಿಗುವುದು ಇಲ್ಲಿಯೇ. ಬೆಂಗಳೂರಿನ ಇಂತಹ ಅನೇಕ ಕೇಂದ್ರಗಳು ವಿದೇಶಿ ಗ್ರಾಹಕರಿಗಾಗಿ ದುಡಿಯುವುದರಿಂದ ರಾತ್ರಿ ಪಾಳಿ ಅನಿವಾರ್ಯವೆಂಬುದನ್ನು ಮನೆಯವರು ಮೊದಲೇ ಅರಿತಿರಬೇಕು. ಘಟನೆಗೆ ಮುಂಚೆಯೇ, ಬ್ಯಾಂಕಿನ ಅನುಮತಿ ಪಡೆದು, ಒಳನುಗ್ಗುವ ದಾರಿಗಳಿವೆಯೇ ಎಂದು ಶೋಧಿಸುವವರು ಪರೀಕ್ಷಕರು. ಜಾಹೀರಾತಿನ ಹ್ಯಾಕರ್ ಇವರೇ. ಘಟನೆ ನಡೆದ ಮೇಲೆ ಸಾಕ್ಷ್ಯ ಕೆಡದಂತೆ ಗಣಕಯಂತ್ರಗಳ ಪ್ರತಿ ತೆಗೆದು ತನಿಖೆಗೆ ನೆರವಾಗುವವರು ವಿಧಿವಿಜ್ಞಾನ ತಜ್ಞರು.

ನಾಲ್ಕನೆಯ ವರ್ಗದ ಮಾತನ್ನು ಜಾಹೀರಾತುಗಳು ಆಡುವುದು ವಿರಳ. ಎಟಿಎಂಗಳು ಕೊಟ್ಟ ಹಣ ಒಂದು ಪುಸ್ತಕ, ಮುಖ್ಯ ಲೆಕ್ಕದಲ್ಲಿ ಖರ್ಚಾದ ಹಣ ಇನ್ನೊಂದು ಪುಸ್ತಕ. ಇವೆರಡೂ ತಾಳೆಯಾಗುತ್ತವೆಯೇ, ಎಷ್ಟು ಹೊತ್ತಿಗೊಮ್ಮೆ ತಾಳೆ ನೋಡಲಾಗುತ್ತಿದೆ, ಒಬ್ಬನೇ ನೌಕರನ ಕೈಯಲ್ಲಿ ಎರಡು ಬೀಗದ ಕೈಗಳಿವೆಯೇ ಎಂದು ಕೇಳುವವರು ಮಾಹಿತಿ ವ್ಯವಸ್ಥೆಗಳ ಲೆಕ್ಕ ಪರಿಶೋಧಕರು. ವಾಣಿಜ್ಯ ಪದವೀಧರರಿಗೂ, ಅಂಗಡಿಯ ಗಲ್ಲಾಪೆಟ್ಟಿಗೆಯ ಬಳಿ ಬೆಳೆದ ಮಕ್ಕಳಿಗೂ ಈ ದಾರಿಯಲ್ಲಿ ಸ್ವಾಭಾವಿಕವಾದ ಮೇಲುಗೈ ಇದೆಯೆಂಬುದು ಈ ಲೇಖಕನ ದೃಢವಾದ ಅಭಿಪ್ರಾಯ. ಸರಕು ಹೇಗೆ ಸಾಗುತ್ತದೆ, ಬಿಲ್ಲು ಎಲ್ಲಿ ತಿದ್ದಲ್ಪಡಬಹುದು ಎಂಬುದನ್ನು ತಂತ್ರಜ್ಞರಿಗೆ ಹೊಸದಾಗಿ ಕಲಿಸಬೇಕಾಗುತ್ತದೆ. ಇವರಿಗೆ ಅದು ಮನೆಯ ವಿದ್ಯೆ.

ಆದರೆ ಲೆಕ್ಕ ಗೊತ್ತೆಂದು ತಾಂತ್ರಿಕ ಅಡಿಪಾಯವನ್ನು ಬಿಡುವಂತಿಲ್ಲ. ಯಾವ ದಾರಿ ಹಿಡಿದರೂ ಮೊದಲ ಆರೇಳು ತಿಂಗಳ ಪಾಠ ಒಂದೇ. ಒಂದು ಗಣಕಯಂತ್ರದಿಂದ ಹೊರಟ ಸಂದೇಶ ಇನ್ನೊಂದನ್ನು ಹೇಗೆ ತಲುಪುತ್ತದೆ ಎಂಬ ಜಾಲದ ಜ್ಞಾನ, ಲಿನಕ್ಸ್ ಮತ್ತು ವಿಂಡೋಸ್ ಕಾರ್ಯಾಚರಣಾ ವ್ಯವಸ್ಥೆಗಳ ಪರಿಚಯ, ಅವು ಬರೆದಿಡುವ ದಾಖಲೆಗಳನ್ನು ಅಂದರೆ ಲಾಗ್‌ಗಳನ್ನು ಓದುವ ಅಭ್ಯಾಸ, ಸ್ವಲ್ಪ ಪೈಥಾನ್. ಜಾಲದಲ್ಲಿ ಹರಿಯುವ ಸಂದೇಶಗಳನ್ನು ತೋರಿಸುವ ವೈರ್‌ಶಾರ್ಕ್ ಎಂಬ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ಐಐಟಿಗಳ ಪ್ರಾಧ್ಯಾಪಕರ ಪಾಠಗಳು ಎನ್‌ಪಿಟಿಇಎಲ್‌ನಲ್ಲಿ ಲಭ್ಯವಿದ್ದು, ಕೇಳಲು ಶುಲ್ಕವಿಲ್ಲ. ಕಚೇರಿಯಲ್ಲಿ ಮೂಲೆಗುಂಪಾಗಿರುವ ಎರಡು ಹಳೆಯ ಗಣಕಯಂತ್ರಗಳಿದ್ದರೆ ಪ್ರಯೋಗಾಲಯ ಸಿದ್ಧವಾದಂತೆಯೇ. ಈ ಅಭ್ಯಾಸದಲ್ಲಿ ಬೇಸರಿಸದವರು ಮುಂದುವರಿಯಲಿ. ಬೇಸರವಾದರೆ ಲಕ್ಷ ರೂಪಾಯಿ ತೆರುವ ಮೊದಲೇ ತಿಳಿದದ್ದು ಲಾಭವೇ.

ಪ್ರಮಾಣಪತ್ರಗಳ ವಿಷಯದಲ್ಲಿ ಅವಸರ ಸಲ್ಲದು. ಆರಂಭದ ಹಂತಕ್ಕೆ ಕಾಂಪ್‌ಟಿಯಾ ಸಂಸ್ಥೆಯ ಸೆಕ್ಯುರಿಟಿ ಪ್ಲಸ್ ಸಾಕಷ್ಟು ಪರಿಚಿತ. ಪರೀಕ್ಷಕರಾಗಬಯಸುವವರಿಗೆ ಓಎಸ್‌ಸಿಪಿ ಇದೆ. ಅದರ ಪರೀಕ್ಷೆಯಲ್ಲಿ ಸುಮಾರು 24 ತಾಸುಗಳ ಅವಧಿಯಲ್ಲಿ ಯಂತ್ರಗಳೊಳಗೆ ಪ್ರವೇಶಿಸಿ ತೋರಿಸಬೇಕು, ಬಾಯಿಪಾಠ ಉಪಯೋಗಕ್ಕೆ ಬಾರದು. ಲೆಕ್ಕ ಪರಿಶೋಧನೆಯ ಸಿಐಎಸ್‌ಎ ಪರೀಕ್ಷೆಯನ್ನು ಬೇಗನೆ ಬರೆಯಬಹುದಾದರೂ, ಪ್ರಮಾಣಪತ್ರ ಕೈಸೇರಲು ಸಾಮಾನ್ಯವಾಗಿ 5 ವರ್ಷಗಳ ಅನುಭವ ಅಗತ್ಯ. ವಿದ್ಯಾರ್ಹತೆಯ ಆಧಾರದ ಮೇಲೆ ಕೆಲವು ರಿಯಾಯಿತಿಗಳಿವೆ. ಕಲಿತ ಕೂಡಲೇ ಅದನ್ನು ಕೊಡಿಸುವುದಾಗಿ ಯಾರಾದರೂ ಭರವಸೆ ಕೊಟ್ಟರೆ ಅಂಥವರಿಂದ ದೂರವಿರುವುದು ಲೇಸು.

ಇನ್ನೊಂದು ಎಚ್ಚರಿಕೆ ಅತ್ಯಗತ್ಯ. ಹೊಸದಾಗಿ ಕಲಿತವರಿಗೆ ವಿದ್ಯೆಯನ್ನು ಎಲ್ಲಾದರೂ ಪ್ರಯೋಗಿಸಿ ನೋಡುವ ಉತ್ಸಾಹ ಇರುತ್ತದೆ. ಪಕ್ಕದ ಸಂಸ್ಥೆಯ ಜಾಲತಾಣವನ್ನು 'ಸುಮ್ಮನೆ ಪರೀಕ್ಷಿಸಿದೆ' ಎಂಬ ಸಮಜಾಯಿಷಿ ಕಾನೂನಿನ ಮುಂದೆ ನಿಲ್ಲುವುದು ಕಷ್ಟ. ಮಾಲೀಕರ ಅನುಮತಿಯಿಲ್ಲದೆ ಗಣಕಯಂತ್ರವನ್ನು ಪ್ರವೇಶಿಸುವುದು ಮಾಹಿತಿ ತಂತ್ರಜ್ಞಾನ ಕಾಯಿದೆ, 2000ರ 43ನೆಯ ಕಲಮಿನ ವ್ಯಾಪ್ತಿಗೆ ಬರುತ್ತದೆ. ಅದನ್ನು ಅಪ್ರಾಮಾಣಿಕ ಅಥವಾ ವಂಚನೆಯ ಉದ್ದೇಶದಿಂದ ಮಾಡಿದರೆ 66ನೆಯ ಕಲಮಿನನ್ವಯ 3 ವರ್ಷಗಳವರೆಗೆ ಸೆರೆವಾಸ, 5 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಪರಿಚಿತರ ಕಚೇರಿಯಾದರೂ ಲಿಖಿತ ಅನುಮತಿಯಿಲ್ಲದೆ ಕೈಹಾಕಬಾರದು.

ಹಾಗಾದರೆ ಮೊದಲ ಅನುಭವ ಎಲ್ಲಿಂದ ಬರಬೇಕು? ಇಲ್ಲಿ ನಮ್ಮ ಸದಸ್ಯರ ಪಾತ್ರವಿದೆ. ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ, ನಿಗದಿತ ಬಗೆಯ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ತಾಸುಗಳೊಳಗೆ ವರದಿ ಮಾಡಬೇಕು. ಲಾಗ್‌ಗಳನ್ನು 180 ದಿನ ಕಾಪಾಡಬೇಕು. ಸಣ್ಣ ಉದ್ದಿಮೆಗಳಿಗೆ ನೀಡಿದ್ದ ಹೆಚ್ಚುವರಿ ಕಾಲಾವಕಾಶ ಅದೇ ವರ್ಷದ ಸೆಪ್ಟೆಂಬರ್ 25ಕ್ಕೇ ಮುಗಿಯಿತು. ನಮ್ಮ ಎಷ್ಟು ಘಟಕಗಳಲ್ಲಿ ಲಾಗ್ ಎಲ್ಲಿದೆಯೆಂದು ಹೇಳಬಲ್ಲ ಒಬ್ಬರಾದರೂ ಇದ್ದಾರೆ?

ಕಲಿಯುತ್ತಿರುವ ಯುವಕ ಯುವತಿಯರಿಗೆ, ಒಂದು ಪತ್ರ ಬರೆದುಕೊಟ್ಟು, ತಮ್ಮದೇ ಕಚೇರಿಯನ್ನು ಮೂರು ತಿಂಗಳ ಮಟ್ಟಿಗೆ ಒಪ್ಪಿಸಬಹುದು. ಎಷ್ಟು ಗಣಕಯಂತ್ರಗಳಿವೆ, ಕೆಲಸ ಬಿಟ್ಟುಹೋದವರ ಗುಪ್ತಪದಗಳು ಇನ್ನೂ ಚಾಲ್ತಿಯಲ್ಲಿವೆಯೇ ಎಂಬ ಪಟ್ಟಿ ಮೊದಲನೆಯ ಕೆಲಸ. ಸರಬರಾಜುದಾರರ ಬ್ಯಾಂಕ್ ಖಾತೆ ಬದಲಾಗಿದೆಯೆಂದು ಇ-ಮೇಲ್ ಬಂದಾಗ, ಅದರಲ್ಲಿರುವ ಸಂಖ್ಯೆಗಲ್ಲದೆ ನಮ್ಮ ಬಳಿ ಮೊದಲಿನಿಂದ ಇರುವ ಸಂಖ್ಯೆಗೆ ದೂರವಾಣಿ ಮಾಡಿ ಖಚಿತಪಡಿಸಿಕೊಳ್ಳುವ ಪದ್ಧತಿಯನ್ನು ಲಿಖಿತವಾಗಿ ಜಾರಿಗೆ ತರುವುದು ಎರಡನೆಯದು. ಹಣ ಹೋದದ್ದೇ ಆದರೆ ತಕ್ಷಣ 1930ಕ್ಕೆ ಕರೆ ಮಾಡಬೇಕೆಂಬುದನ್ನು ಲೆಕ್ಕದ ವಿಭಾಗದ ಗೋಡೆಯ ಮೇಲೆ ಅಂಟಿಸಬಹುದು. ಮೂರನೆಯದು ಲೆಕ್ಕದ ಪ್ರತಿ. ಟ್ಯಾಲಿಯ ಬ್ಯಾಕಪ್ ಪ್ರತಿದಿನ ಆಗುತ್ತಿದೆ ಎಂದು ಎಲ್ಲರೂ ನಂಬಿರುತ್ತಾರೆ. ಅದನ್ನು ಬೇರೊಂದು ಯಂತ್ರದಲ್ಲಿ ತೆರೆದು, ಕಳೆದ ತಿಂಗಳ ಬಾಕಿ ಪಟ್ಟಿ ಸರಿಯಾಗಿ ಬರುತ್ತದೆಯೇ ಎಂದು ನೋಡಿದವರು ಕಡಿಮೆ. ಆ ಒಂದು ಪರೀಕ್ಷೆಯನ್ನು ಈ ಶನಿವಾರವೇ ಮಾಡಿಸಬಹುದು.