ಹೃದಯಕ್ಕೆ ಯಾವ ಅಳತೆಗೋಲು?

ಬೆಂಗಳೂರಿನ ನಾಗಸಂದ್ರದ ಕಾರ್ಖಾನೆಯೊಂದರಲ್ಲಿ ದುಡಿಯುವ ನಲವತ್ತೈದು ವರ್ಷದ ಗೃಹಸ್ಥನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಅವನ ಎತ್ತರ 165 ಸೆಂಟಿಮೀಟರು. ತೂಕ 64 ಕಿಲೋಗ್ರಾಂ. ಸೊಂಟದ ಸುತ್ತಳತೆ 92 ಸೆಂಟಿಮೀಟರು. ನೋಡುವವರ ಕಣ್ಣಿಗೆ ಅವನು ಸ್ಥೂಲಕಾಯನಲ್ಲ. ಇವನ ಹೃದಯಕ್ಕೆ ಅಪಾಯವುಂಟೆ?

ತೂಕವನ್ನು ಮೀಟರುಗಳಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದರೆ 23.5 ಬರುತ್ತದೆ. ಬಹುಕಾಲದಿಂದ ಬಳಕೆಯಲ್ಲಿರುವ ಮಿತಿ 25. ಅದರಂತೆ ಇವನಿಗೆ ಭಯವಿಲ್ಲ. ಆದರೆ ಏಷ್ಯಾದ ಜನರ ವಿಷಯದಲ್ಲಿ 23ರಿಂದಲೇ ಎಚ್ಚರ ವಹಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲಿ ಸೂಚಿಸಿದರು. ಸೊಂಟದ ಮಿತಿಯೂ ಹೀಗೆಯೇ: ಯೂರೋಪಿನ ಗಂಡಸರಿಗೆ 94 ಸೆಂಟಿಮೀಟರು, ನಮ್ಮವರಿಗೆ 90.

ಈ ಭೇದಕ್ಕೆ ಕಾರಣವೇನು? ತೂಕ ಸಮನಾಗಿದ್ದರೂ ನಮ್ಮವರ ಮೈಯಲ್ಲಿ ಸಾಮಾನ್ಯವಾಗಿ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು. ಅದೂ ಹೊಟ್ಟೆಯ ಒಳಭಾಗದಲ್ಲಿ ಸೇರುವುದೇ ಹೆಚ್ಚು. ಇದರಿಂದ ಇನ್ಸುಲಿನ್ನಿನ ಕೆಲಸ ಕುಂದುತ್ತದೆ. ರಕ್ತದಲ್ಲಿ ಸಕ್ಕರೆ ಏರುತ್ತದೆ. ಹೃದಯಕ್ಕೆ ರಕ್ತವನ್ನೊಯ್ಯುವ ಧಮನಿಗಳ ಗೋಡೆಯಲ್ಲಿ ಕೊಬ್ಬು ಶೇಖರವಾಗುತ್ತದೆ.

ಅಪಾಯವನ್ನು ಲೆಕ್ಕಹಾಕುವ ಪ್ರಸಿದ್ಧ ಕೋಷ್ಟಕಗಳೂ ಅಮೆರಿಕದ ಫ್ರಾಮಿಂಗ್‌ಹ್ಯಾಂ ಪಟ್ಟಣದಲ್ಲಿ 1948ರಲ್ಲಿ ಆರಂಭವಾದ ಅಧ್ಯಯನದಿಂದ ಹುಟ್ಟಿದವು. ಅಲ್ಲಿ ಪರೀಕ್ಷೆಗೊಳಗಾದವರಲ್ಲಿ ಬಹುಪಾಲು ಯೂರೋಪ್ ಮೂಲದವರು. ಅವರ ಲೆಕ್ಕವನ್ನು ನಮಗೆ ಹಾಗೆಯೇ ಅನ್ವಯಿಸಿದರೆ ಅಪಾಯವು ಇರುವುದಕ್ಕಿಂತ ಕಡಿಮೆಯೆಂದು ತೋರಬಹುದು.

ಹಾಗಾದರೆ ಇದು ಜನಾಂಗಕ್ಕೆ ಅಂಟಿದ ಶಾಪವೆ? ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಸಲೀಂ ಯೂಸುಫರ ನೇತೃತ್ವದಲ್ಲಿ 52 ದೇಶಗಳಲ್ಲಿ ನಡೆದ 'ಇಂಟರ್‌ಹಾರ್ಟ್' ಅಧ್ಯಯನದ ಫಲಿತಾಂಶಗಳು 2004ರಲ್ಲಿ ಪ್ರಕಟವಾದವು. ಮೊದಲ ಹೃದಯಾಘಾತಕ್ಕೀಡಾದ ದಕ್ಷಿಣ ಏಷ್ಯಾದವರಲ್ಲಿ ಅರ್ಧದಷ್ಟು ಜನರಿಗೆ ಅದು 53ನೆಯ ವಯಸ್ಸಿನೊಳಗೇ ಬಂದಿತ್ತು. ಉಳಿದವರಲ್ಲಿ ಈ ವಯಸ್ಸು ಸುಮಾರು 59. ಆದರೆ ಕಾರಣಗಳು ಎಲ್ಲೆಡೆಯೂ ಬಹುಮಟ್ಟಿಗೆ ಒಂದೇ: ಹೊಗೆಸೊಪ್ಪು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ರಕ್ತದ ಕೊಬ್ಬಿನ ಏರುಪೇರು, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ಹಣ್ಣು ತರಕಾರಿಗಳ ಅಭಾವ, ವ್ಯಾಯಾಮವಿಲ್ಲದಿರುವಿಕೆ ಮುಂತಾದವು. ಇವು ನಮ್ಮಲ್ಲಿ ಎಳೆಯ ವಯಸ್ಸಿನಲ್ಲಿಯೇ ಬೇರೂರುವುದರಿಂದ ಆಘಾತವೂ ಬೇಗ ಬರುತ್ತದೆಂದು 2007ರ ವಿಶ್ಲೇಷಣೆ ತೋರಿಸಿತು. ಇವುಗಳಲ್ಲಿ ಹೆಚ್ಚಿನವನ್ನು ನಾವು ತಡೆಯಬಲ್ಲೆವು.

ಆದುದರಿಂದ ವಿದ್ಯಾರ್ಥಿಮಿತ್ರರು ಮನೆಯ ಹಿರಿಯರ ಸೊಂಟವನ್ನು ಒಮ್ಮೆ ದರ್ಜಿಯ ಟೇಪಿನಿಂದ ಅಳೆದು ನೋಡಲಿ. ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಪರೀಕ್ಷಿಸಿಕೊಳ್ಳುವಂತೆ ಅವರನ್ನು ಒತ್ತಾಯಿಸಲಿ. ಎದೆ ಹಿಂಡಿದಂತಾಗಿ ಬೆವರು ಬಂದಾಗ 'ಗ್ಯಾಸ್ಟ್ರಿಕ್ ಇರಬೇಕು' ಎಂದು ಸೋಡಾ ಕುಡಿಸಿ ಕೂರಿಸುವುದು ನಮ್ಮಲ್ಲಿ ರೂಢಿ. ಅದು ಸಲ್ಲದು. ಕೂಡಲೇ ಆಸ್ಪತ್ರೆಗೆ ಕರೆದೊಯ್ದು ಇ.ಸಿ.ಜಿ. ಮಾಡಿಸಬೇಕು. ಧಮನಿ ಮುಚ್ಚಿದ ಮೇಲೆ ಕಳೆಯುವ ಪ್ರತಿ ನಿಮಿಷವೂ ಹೃದಯದ ಸ್ನಾಯುವಿಗೆ ನಷ್ಟವೇ.