ವಿದ್ಯುತ್ ಮಾಪಕಕ್ಕೆ ವೋಲ್ಟೇಜ್ ಮತ್ತು ಕರೆಂಟ್ ಸಂಪರ್ಕ: ಕೈಗಾರಿಕಾ ಗ್ರಾಹಕರ ಗಮನಕ್ಕೆ

ಅಕ್ಕಿ ಗಿರಣಿ, ಶೀತಲ ಗೃಹ ಮುಂತಾದ ಸ್ಥಾವರಗಳಲ್ಲಿ ವಿದ್ಯುತ್ ಬಳಕೆಯ ಮೇಲೆ ನಿಗಾ ಇಡುವ ಸಲುವಾಗಿ ಮಾಲೀಕರು ತಮ್ಮ ಪ್ಯಾನೆಲ್‌ಗಳಲ್ಲಿ ಸ್ವಂತ ಮಾಪಕಗಳನ್ನು ಅಳವಡಿಸಿಕೊಳ್ಳುವುದು ರೂಢಿಯಲ್ಲಿದೆ. ಪ್ರಸ್ತುತ ಮಾಹಿತಿಯು ಅಂತಹ ಮಾಪಕಗಳಿಗೆ ಮಾತ್ರ ಅನ್ವಯಿಸುತ್ತದೆ. ಸರಬರಾಜು ಕಂಪನಿಯು ಮೊಹರು ಮಾಡಿರುವ ಬಿಲ್ಲಿಂಗ್ ಮೀಟರಿನ ಸಂಪರ್ಕಗಳನ್ನು ಅನಧಿಕೃತವಾಗಿ ಬಿಚ್ಚುವುದು ವಿದ್ಯುಚ್ಛಕ್ತಿ ಅಧಿನಿಯಮ, 2003ರ ಪ್ರಕರಣ 138ರ ಮೇರೆಗೆ ಅಪರಾಧವಾಗಿರುತ್ತದೆ.

ಮಾಪಕಕ್ಕೆ ಎರಡು ಬಗೆಯ ಸಂಪರ್ಕಗಳಿರುತ್ತವೆ. 415 ವೋಲ್ಟ್ ಸ್ಥಾವರದಲ್ಲಿ ವೋಲ್ಟೇಜ್ ತಂತಿಗಳನ್ನು ಸಾಮಾನ್ಯವಾಗಿ ಬಸ್‌ಬಾರ್‌ನಿಂದ ನೇರವಾಗಿ ಪಡೆಯಲಾಗುತ್ತದೆ. ಪ್ರತಿ ಫೇಸ್ ತಂತಿಗೂ, ಅದು ಬಸ್‌ಬಾರ್‌ನಿಂದ ಹೊರಡುವ ಸ್ಥಳದಲ್ಲಿಯೇ, ಸೂಕ್ತ ಫ್ಯೂಸ್ ಅಳವಡಿಸತಕ್ಕದ್ದು. ಮಾಪಕದ ಬಳಿ ಫ್ಯೂಸ್ ಹಾಕಿದರೆ ನಡುವಿನ ಸಣ್ಣ ತಂತಿಗೆ ರಕ್ಷಣೆಯೇ ಇರುವುದಿಲ್ಲ.

ಕರೆಂಟ್ ಟ್ರಾನ್ಸ್‌ಫಾರ್ಮರ್ (ಸಿ.ಟಿ.) ವಿಷಯದಲ್ಲಿ ನಿಯಮವು ಇದಕ್ಕೆ ತದ್ವಿರುದ್ಧ. 200/5 ಸಿ.ಟಿ.ಯಲ್ಲಿ ಮುಖ್ಯ ವಾಹಕದಲ್ಲಿ 200 ಆಂಪಿಯರ್ ಹರಿದಾಗ ಮಾಪಕದ ಕಡೆಗೆ 5 ಆಂಪಿಯರ್ ಮಾತ್ರ ಬರುತ್ತದೆ. ಐದೇ ಆಂಪಿಯರ್ ಎಂದು ಈ ತಂತಿಯನ್ನು ಹಗುರವಾಗಿ ಕಾಣುವವರೇ ಹೆಚ್ಚು. ಹೊರೆ ನಡೆಯುತ್ತಿರುವಾಗ ಈ ತಂತಿಯನ್ನು ಬಿಚ್ಚಿದಲ್ಲಿ ಮುಖ್ಯ ಪ್ರವಾಹವೆಲ್ಲವೂ ಸಿ.ಟಿ.ಯ ಕಬ್ಬಿಣದ ತಿರುಳನ್ನು ಕಾಂತೀಕರಿಸಲು ವಿನಿಯೋಗವಾಗಿ, ಬಿಚ್ಚಿದ ತುದಿಗಳಲ್ಲಿ ಸಾವಿರಾರು ವೋಲ್ಟ್‌ವರೆಗೂ ಒತ್ತಡ ಉಂಟಾಗಬಹುದು. ಕೆಲಸಗಾರನ ಪ್ರಾಣಕ್ಕೆ ಅಪಾಯ, ಸಿ.ಟಿ.ಯೂ ಸುಟ್ಟುಹೋಗಬಹುದು. ಆದುದರಿಂದ ಸಿ.ಟಿ. ಮಂಡಲದಲ್ಲಿ ಫ್ಯೂಸ್ ಅಥವಾ ಸ್ವಿಚ್ ಎಂದಿಗೂ ಇರಕೂಡದು. ಭೂಸಂಪರ್ಕವನ್ನು ತಯಾರಕರ ನಕ್ಷೆಯಂತೆ ಒಂದೇ ಬಿಂದುವಿನಲ್ಲಿ ನೀಡತಕ್ಕದ್ದು.

ಮಾಪಕವನ್ನು ದುರಸ್ತಿಗೆಂದು ತೆಗೆಯುವ ಸಂದರ್ಭದಲ್ಲಿಯೇ ಈ ಅಪಾಯ ಹೆಚ್ಚು. ಸರಬರಾಜನ್ನು ಪೂರ್ಣವಾಗಿ ನಿಲ್ಲಿಸಿ ಕೆಲಸ ಮಾಡುವುದೇ ಸರಿಯಾದ ಕ್ರಮ. ಅದು ಸಾಧ್ಯವೇ ಇಲ್ಲದಿದ್ದಲ್ಲಿ, ಅರ್ಹ ವ್ಯಕ್ತಿಯು ಟೆಸ್ಟ್ ಟರ್ಮಿನಲ್ ಬ್ಲಾಕ್‌ನ ಲಿಂಕ್‌ಗಳ ಮೂಲಕ ಸಿ.ಟಿ. ತುದಿಗಳನ್ನು ಮೊದಲು ಶಾರ್ಟ್ ಮಾಡಿ, ಮಾಪಕದಲ್ಲಿ ಕರೆಂಟ್ ಸೊನ್ನೆಯ ಸಮೀಪಕ್ಕೆ ಇಳಿದಿರುವುದನ್ನು ಖಚಿತಪಡಿಸಿಕೊಂಡ ನಂತರವಷ್ಟೇ ತಂತಿ ಬಿಚ್ಚತಕ್ಕದ್ದು. ಮರುಜೋಡಣೆಯಲ್ಲಿ ಲಿಂಕ್ ತೆರೆಯುವುದು ಕಟ್ಟಕಡೆಯ ಕೆಲಸ. ಬಳಕೆಯಲ್ಲಿಲ್ಲದ ಸಿ.ಟಿ.ಯನ್ನೂ ಶಾರ್ಟ್ ಮಾಡಿಯೇ ಇಡಬೇಕು. ವೋಲ್ಟೇಜ್ ತಂತಿಗಳನ್ನು ಮಾತ್ರ ಎಂದಿಗೂ ಶಾರ್ಟ್ ಮಾಡಬಾರದು!

ಸುರಕ್ಷಿತವಾಗಿ ಜೋಡಿಸಿದ ಮಾಪಕವೂ ತಪ್ಪು ಲೆಕ್ಕ ಕೊಡಬಹುದು. ಮೂರು ಫೇಸ್‌ಗಳಲ್ಲಿ ತಲಾ 20ರಂತೆ 60 ಕಿಲೋವ್ಯಾಟ್ ಹೊರೆ ಇದೆಯೆನ್ನಿ. ಒಂದು ಸಿ.ಟಿ.ಯ ಎಸ್1, ಎಸ್2 ತುದಿಗಳು ಅದಲುಬದಲಾದರೆ ಆ 20 ಕಳೆದುಹೋಗಿ ಮೊತ್ತ 20 ಎಂದು ತೋರುತ್ತದೆ. ಆರ್ ಮತ್ತು ವೈ ಫೇಸ್‌ಗಳ ಸಿ.ಟಿ.ಗಳೇ ಪರಸ್ಪರ ಬದಲಾದರೆ ಸಮತೋಲಿತ ಹೊರೆಯಲ್ಲಿ ಮೊತ್ತ ಸೊನ್ನೆ! ಯಂತ್ರಗಳು ಓಡುತ್ತಲೇ ಇರುತ್ತವೆ, ಲೆಕ್ಕದ ಪುಸ್ತಕದಲ್ಲಿ ಮಾತ್ರ ಬಳಕೆ ಇರುವುದಿಲ್ಲ. ಆದ್ದರಿಂದ ಒಟ್ಟು ಮೊತ್ತವನ್ನಷ್ಟೇ ನೋಡದೆ ಪ್ರತಿ ಫೇಸ್‌ನ ಕಿಲೋವ್ಯಾಟ್ ಅನ್ನು ಪ್ರತ್ಯೇಕವಾಗಿ ಪರಿಶೀಲಿಸುವುದು.

ಈ ಕೆಲಸವನ್ನು ಪರವಾನಗಿ ಹೊಂದಿದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸತಕ್ಕದ್ದು. ಜೋಡಣೆಯ ನಕ್ಷೆ ಹಾಗೂ ಸಿ.ಟಿ. ಅನುಪಾತವನ್ನು ಅವರಿಂದ ಬರೆಯಿಸಿ ಪ್ಯಾನೆಲ್ ಬಾಗಿಲಿನ ಒಳಬದಿಗೆ ಅಂಟಿಸಿಕೊಳ್ಳಲು ಕೋರಲಾಗಿದೆ.